ಕವಚಭೇದಿ ಎಂಬ ಮಾತಿಗೆ ಅರ್ಥ ಕೊಟ್ಟವರು

ಬಂದೂಕು ಮತ್ತು ಮದ್ದುಗುಂಡುಗಳ ಪರೀಕ್ಷಾಶಾಸ್ತ್ರವು ಸಭೆ ಸಮಾರಂಭಗಳಲ್ಲಿ ಹೊಗಳಿಸಿಕೊಳ್ಳುವ ವಿದ್ಯೆಯಲ್ಲ. ಅದರ ಪಂಡಿತರ ಪ್ರಸ್ತಾಪ ಪತ್ರಿಕೆಯಲ್ಲಿ ಬಂತೆಂದರೆ ಎಲ್ಲೋ ಯಾರೋ ಸತ್ತಿದ್ದಾರೆ ಎಂದೇ ಅರ್ಥ. ಅಂಥ ಶಾಸ್ತ್ರದಲ್ಲಿ ಮೂರು ದಶಕಗಳಿಗೂ ಮಿಗಿಲಾಗಿ ದುಡಿದು, ‘ಕವಚಭೇದಿ ಗುಂಡು’ ಎಂಬ ಎರಡು ಪದಗಳಿಗೆ ನ್ಯಾಯಾಲಯದಲ್ಲಿ ನಿಲ್ಲಬಲ್ಲ ಅರ್ಥವನ್ನು ಒದಗಿಸಿ, ಆ ಅರ್ಥವನ್ನು ತಮ್ಮವರಿಗಾಗಿ ಸಡಿಲಿಸದೆ, ಪರರಿಗಾಗಿ ಬಿಗಿಮಾಡದೆ ಕಾಪಾಡಿಕೊಂಡು ಬಂದವರು ನಮ್ಮ ಪ್ರಯೋಗಾಲಯದ ಮುಖ್ಯ ಪರೀಕ್ಷಕಿ. ಅವರು ಸೇವೆಯಿಂದ ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ, ಅವರ ಕೈಕೆಳಗೆ ಕೆಲಸ ಕಲಿತವರ ಪರವಾಗಿ ನಾಲ್ಕು ಮಾತು ಬರೆಯುವ ಭಾಗ್ಯ ಈ ಲೇಖನದ ಪಾಲಿಗೆ ಬಂದಿದೆ.

ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ‘ತಿರುಳು ಮೇಡಂ’ ಎನ್ನುತ್ತಾರೆ. ಪತ್ರಿಕೆಯವರೊಬ್ಬರು ‘ಗುಂಡಮ್ಮ’ ಎಂದು ಬರೆದದ್ದುಂಟು; ಅದನ್ನು ಓದಿ ನಮಗೆಲ್ಲ ಸಿಟ್ಟು ಬಂದಿತ್ತು, ಅವರೊಬ್ಬರೇ ಹೊಟ್ಟೆ ಹಿಡಿದು ನಕ್ಕಿದ್ದರು. ತಿರುಳು ಮೇಡಂ ಎಂಬ ಹೆಸರು ಬಂದದ್ದು ಅವರ ಒಂದು ಪ್ರಶ್ನೆಯಿಂದ. ಯಾರೇ ಒಂದು ಗುಂಡನ್ನು ತಂದು ಮೇಜಿನ ಮೇಲಿಟ್ಟು, ಇದು ಇಂಥದ್ದು, ಅಂಥದ್ದು ಎಂದು ವರ್ಣಿಸತೊಡಗಿದರೆ ಅವರು ಪೂರ್ತಿ ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ, “ಸಿಪ್ಪೆ ಮಾತು ಆಯ್ತಲ್ಲ, ತಿರುಳು ಯಾವುದರದು?” ಎಂದು ಕೇಳುತ್ತಿದ್ದರು. ರೈಫಲ್ ಗುಂಡಿಗೆ ಹೊರಗೊಂದು ತೆಳುವಾದ ಲೋಹದ ಹೊದಿಕೆ ಇರುತ್ತದೆ, ಒಳಗೊಂದು ಭಾರದ ತಿರುಳು ಇರುತ್ತದೆ. ಹೊರಗಿನ ಬಣ್ಣ ನೋಡಿ ಒಳಗಿನದನ್ನು ಹೇಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ‘ಸುಮಾರು’, ‘ಬಹುಶಃ’, ‘ಇದ್ದರೂ ಇರಬಹುದು’ ಎಂಬ ಮಾತುಗಳು ವರದಿಯಲ್ಲಿ ಕಂಡರೆ ಅವರು ಬೈಯುತ್ತಿರಲಿಲ್ಲ. ಆ ಪದದ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು ವಾಪಸು ಕೊಡುತ್ತಿದ್ದರು. ಬೈಗುಳವೇ ವಾಸಿ ಅನ್ನಿಸುವಂತಿತ್ತು ಆ ಗೆರೆ.

ಅವರ ತಂದೆ ಎರಕದ ಕೆಲಸದವರು. ಊರಂಚಿನ ತಗಡಿನ ಶೆಡ್ಡಿನಲ್ಲಿ ನೀರಿನ ಕೊಳಾಯಿಯ ಭಾಗಗಳನ್ನೂ ಯಂತ್ರದ ಚಕ್ರಗಳನ್ನೂ ಎರಕ ಹೊಯ್ಯುತ್ತಿದ್ದರು. ಕಾದ ಲೋಹದ ಬಣ್ಣ ನೋಡಿ ಅದು ಹಿತ್ತಾಳೆಯೋ ಕಂಚೋ ಎಂದು ಹೇಳುವ ಆಟ ಅಕ್ಕತಂಗಿಯರಿಬ್ಬರಿಗೂ ಚಿಕ್ಕಂದಿನಲ್ಲೇ ಬಂದಿತ್ತು. ತಾಯಿ ಬೇಗ ತೀರಿಹೋದ್ದರಿಂದ ತಂಗಿಯ ಜಡೆ ಹೆಣೆದವಳೂ ಮಗ್ಗಿ ಬಾಯಿಪಾಠ ಮಾಡಿಸಿದವಳೂ ಅಕ್ಕನೇ. ಅಕ್ಕ ಪೊಲೀಸರೊಬ್ಬರನ್ನು ಮದುವೆಯಾದಳು. ತಂಗಿ ಲೋಹಶಾಸ್ತ್ರ ಓದಿ, ಬಂದೂಕು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕಿರಿಯ ಪರೀಕ್ಷಕಿಯಾಗಿ ಸೇರಿದರು. ಕೆಲಸಕ್ಕೆ ಸೇರುವ ದಿನ ಭಾವನೇ ತನ್ನ ಮೋಟಾರು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದು ಗೇಟಿನ ಮುಂದೆ ಇಳಿಸಿ, “ನೋಡು ವಿಜ್ಞಾನಿ, ಊರಲ್ಲಿ ಗುಂಡು ಹಾರದ ಹಾಗೆ ನಾನು ನೋಡ್ಕೋತೀನಿ. ಅಕಸ್ಮಾತ್ ಹಾರಿದ್ರೆ ನೀನು ನೋಡ್ಕೋ” ಎಂದು ನಗಾಡಿದ್ದರಂತೆ.

ಆಗ ಪರೀಕ್ಷಾ ವಿಭಾಗ ಇದ್ದದ್ದು ಕಟ್ಟಡದ ನೆಲಮಾಳಿಗೆಯಲ್ಲಿ. ಒಂದು ಗೋಡೆಯುದ್ದಕ್ಕೂ ನೀರು ತುಂಬಿದ ಉಕ್ಕಿನ ತೊಟ್ಟಿ. ಗುಂಡನ್ನು ಅದರೊಳಗೆ ಹಾರಿಸಿ, ಜಜ್ಜಿಹೋಗದಂತೆ ಮೇಲೆತ್ತಬೇಕು. ಇನ್ನೊಂದು ಗೋಡೆಗೆ ಲೇತು, ಉಜ್ಜುವ ಕಲ್ಲು, ಸೂಕ್ಷ್ಮದರ್ಶಕ. ಕಿಟಕಿ ಎಂಬುದು ಚಾವಣಿಗೆ ತಾಗಿಕೊಂಡಂತೆ ಒಂದು ಗೇಣಗಲ ಇದ್ದು, ಅದರಾಚೆ ರಸ್ತೆಯಲ್ಲಿ ನಡೆಯುವವರ ಪಾದಗಳಷ್ಟೇ ಕಾಣುತ್ತಿದ್ದವು. ಅಲ್ಲಿ ಬಂದೂಕು ಹಾರಿಸುವ ಕೆಲಸ ಒಬ್ಬ ಹಿರಿಯ ಸಹಾಯಕರದು. ಅವರಿಗೆ ಬಲಗಿವಿ ಮಂದವಾಗುತ್ತಿರುವುದನ್ನು ಮೇಲಿನವರಾರೂ ಗಮನಿಸಿರಲಿಲ್ಲ. ಹೇಳಿದರೆ ಕೆಲಸ ಹೋದೀತೆಂದು ಅವರೂ ಬಾಯಿ ಬಿಟ್ಟಿರಲಿಲ್ಲ. ಸೇರಿ ವರ್ಷ ತುಂಬದ ಈ ಹುಡುಗಿ ಅದನ್ನು ಕಂಡುಕೊಂಡು, ನಿರ್ದೇಶಕರ ಹತ್ತಿರ ಹೋಗಿ, ಉಜ್ಜುವ ಕಲ್ಲಿನ ಮುಂದೆ ತನಗೊಬ್ಬ ನುರಿತ ಕೈಯವರು ಬೇಕೇಬೇಕು ಎಂದು ಹಟ ಹಿಡಿದು ಅವರನ್ನು ಆ ಮೇಜಿಗೆ ಬದಲಾಯಿಸಿಕೊಂಡರು. ಕಿವಿಯ ಮಾತನ್ನೇ ಎತ್ತಲಿಲ್ಲ. ಆಮೇಲೆ ಅವರ ನಿವೃತ್ತಿಯವರೆಗೂ ಮೇಡಂ ಆ ಸಹಾಯಕರ ಎಡಗಡೆಗೆ ಹೋಗಿ ನಿಂತೇ ಮಾತಾಡುತ್ತಿದ್ದರು. ಏಕೆ ಹಾಗೆ ಎಂದು ನಮಗೆ ತಿಳಿದದ್ದು ಆ ಹಿರಿಯರೇ ಬೀಳ್ಕೊಡುಗೆಯ ದಿನ ಹೇಳಿದಾಗ.

ಅವರ ಜೀವನದ ದಿಕ್ಕನ್ನು ತಿರುಗಿಸಿದ್ದು ಒಂದು ಮಧ್ಯಾಹ್ನ. ಲೇತಿನ ಮುಂದೆ ನಿಂತಿದ್ದರು. ಎಂದೂ ನೆಲಮಾಳಿಗೆಗೆ ಇಳಿಯದ ನಿರ್ದೇಶಕರು ತಾವೇ ಮೆಟ್ಟಿಲಿಳಿದು ಬಂದು, ಯಂತ್ರ ನಿಲ್ಲುವ ತನಕ ಸುಮ್ಮನೆ ನಿಂತು, “ಕೈ ತೊಳ್ಕೊಂಡು ಮೇಲೆ ಬಾಮ್ಮ” ಎಂದರು. ಆ ‘ಅಮ್ಮ’ ಎಂಬ ಒಂದು ಮಾತಿನಿಂದಲೇ ಏನೋ ಕೆಟ್ಟದ್ದಾಗಿದೆ ಎಂದು ತಿಳಿಯಿತು ಎಂದು ಮೇಡಂ ಮುಂದೆ ಎಷ್ಟೋ ವರ್ಷಗಳ ಮೇಲೆ ಹೇಳಿದ್ದಾರೆ. ಭಾವ ಒಂದು ಕಾರನ್ನು ತಡೆದು ಕಾಗದಪತ್ರ ಕೇಳಿದ್ದರು. ಒಳಗಿದ್ದವನು ಅಂಗಿಯಡಿಯಿಂದ ಪಿಸ್ತೂಲು ತೆಗೆದು ಹೊಡೆದಿದ್ದ. ಭಾವ ಗುಂಡುನಿರೋಧಕ ಜಾಕೆಟ್ ತೊಟ್ಟಿದ್ದರು. ಅದು ಪಿಸ್ತೂಲಿನ ಗುಂಡನ್ನು ತಡೆಯಲೆಂದೇ ಮಾಡಿದ್ದು. ಆದರೂ ತಡೆಯಲಿಲ್ಲ.

ಆ ಗುಂಡು ಇದೇ ಪ್ರಯೋಗಾಲಯಕ್ಕೆ ಬಂತು. ನಿರ್ದೇಶಕರು ಅದನ್ನು ಅವರ ಕಣ್ಣಿಗೆ ಬೀಳಗೊಡದೆ ತಾವೇ ಪರೀಕ್ಷಿಸಿದರು. ಮೇಡಂ ಕೆಲಸಕ್ಕೆ ಮರಳಿದ ಮೇಲೆ ಒಂದು ದಿನ ಕರೆದು ಕೂರಿಸಿ, “ಜಾಕೆಟ್ ಕೆಟ್ಟಿರಲಿಲ್ಲ. ಅವರು ಸರಿಯಾಗೇ ಹಾಕ್ಕೊಂಡಿದ್ರು. ಗುಂಡಿನ ತಿರುಳು ಸೀಸ ಅಲ್ಲ, ಪೂರ್ತಿ ಉಕ್ಕು. ನಿಮ್ಮಕ್ಕನಿಗೆ ಹೇಳು, ಅವರ ತಪ್ಪೇನೂ ಇರಲಿಲ್ಲ ಅಂತ” ಎಂದರು. ತಂಗಿ ಅಕ್ಕನಿಗೆ ಹೇಳಿದರು. ಅಕ್ಕ ಗೋಡೆಗೊರಗಿ ಕೂತಿದ್ದವಳು ಕೇಳಿದ್ದು ಒಂದೇ: “ಅಂಥಾದ್ದು ಅಂಗಡೀಲಿ ಸಿಗುತ್ತಾ?”

ಸಿಗುತ್ತಿತ್ತು. ಆ ಒಂದು ಉತ್ತರ ಅಕ್ಕನನ್ನು ಗೋಡೆಯಿಂದೆಬ್ಬಿಸಿ ಬೀದಿಗಿಳಿಸಿತು. ಗಂಡನನ್ನು ಕಳೆದುಕೊಂಡ ಇತರ ಪೊಲೀಸ್ ಹೆಂಡಂದಿರನ್ನು ಸೇರಿಸಿ ಸಂಘ ಕಟ್ಟಿಕೊಂಡು, ಶಾಸಕರ ಮನೆಯ ಜಗಲಿಗಳಲ್ಲಿ ಕಾದು ಕೂತು, ಬಾಯಿ ಬಾರದವಳು ಎನಿಸಿಕೊಂಡಿದ್ದ ಆಕೆ ಸಾವಿರ ಜನರ ಮುಂದೆ ಮಾತಾಡುವವಳಾದಳು. ಕಡೆಗೆ ಸರ್ಕಾರ ಮಣಿದು ಒಂದು ಸಮಿತಿ ಮಾಡಿತು. ನಿವೃತ್ತ ನ್ಯಾಯಾಧೀಶರೊಬ್ಬರು ಅಧ್ಯಕ್ಷರು. ನಿಯಮದ ಭಾಷೆಗೆ ಬೇಕಾದ ಲೋಹದ ವಿಚಾರ ತಿಳಿಸಲು ಪ್ರಯೋಗಾಲಯದಿಂದ ಹೋದವರು ನಮ್ಮ ಮೇಡಂ. ಮೃತರು ತನ್ನ ಭಾವ ಎಂಬುದನ್ನು ಅವರು ಮೊದಲ ಸಭೆಯ ಮೊದಲ ಮಾತಾಗಿಯೇ ತಿಳಿಸಿದ್ದರು; ಅಧ್ಯಕ್ಷರು, “ಗೊತ್ತಿದ್ದೇ ಕರೆಸಿದ್ದೇವೆ, ಕೂತ್ಕೊಳ್ಳಿ” ಎಂದಿದ್ದರು.

ಈ ಸಮಿತಿಯ ಕೆಲಸವೇ ಅವರ ಕೀರ್ತಿಗೆ ತಳಪಾಯವಾದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೊಲೀಸ್ ಮುಖ್ಯಸ್ಥರ ವಾದ ಸರಳವಾಗಿತ್ತು: “ಕವಚ ತೂರಿದ್ದೆಲ್ಲಾ ಕವಚಭೇದಿ. ಇದರಲ್ಲಿ ತಲೆ ಕೆಡಿಸ್ಕೊಳ್ಳೋದು ಏನಿದೆ?” ಮೇಡಂ ಅದಕ್ಕೆ ಮಾತಿನಲ್ಲಿ ಉತ್ತರ ಕೊಡದೆ ಸಮಿತಿಯವರನ್ನೆಲ್ಲ ನೆಲಮಾಳಿಗೆಗೆ ಕರೆದೊಯ್ದು, ಪೊಲೀಸರ ಜಾಕೆಟ್ಟೊಂದನ್ನು ನೇತುಹಾಕಿ, ಬೇಟೆಗಾರರು ಬಳಸುವ ಮೆದು ಸೀಸದ ಮಾಮೂಲಿ ರೈಫಲ್ ಗುಂಡನ್ನು ಹಾರಿಸಿ ತೋರಿಸಿದರು. ಅದು ಒದ್ದೆ ಕಾಗದ ತೂರಿದಂತೆ ಆಚೆ ಹೋಯಿತು. ಎಲ್ಲರೂ ಮುಖ ಮುಖ ನೋಡಿಕೊಂಡರು.

“ಇದರಲ್ಲಿ ಉಕ್ಕು ಇಲ್ಲ, ಏನೂ ಇಲ್ಲ” ಎಂದರು ಮೇಡಂ. “ರೈಫಲಿಂದ ಹೊರಟ ಗುಂಡಿಗೆ ವೇಗವೇ ಬಲ. ತೂರೋದನ್ನೇ ಅಳತೆ ಮಾಡಿದ್ರೆ, ಕಾಡುಹಂದಿ ಹೊಡೆಯೋ ರೈತನ ಗುಂಡಿನಿಂದ ಹಿಡಿದು ಎಲ್ಲಾ ರೈಫಲ್ ಗುಂಡೂ ಕವಚಭೇದಿನೇ ಆಗುತ್ತೆ. ನಮ್ಮ ಜಾಕೆಟ್ ಹೊಲಿದಿರೋದು ಪಿಸ್ತೂಲಿಗೆ. ಅಂಗಿಯೊಳಗೆ ಬಚ್ಚಿಟ್ಕೊಂಡು ಹತ್ತಿರ ಬರೋಕೆ ಆಗೋದೂ ಪಿಸ್ತೂಲನ್ನೇ. ಆದ್ದರಿಂದ ಎರಡು ಪ್ರಶ್ನೆ ಕೇಳಬೇಕು. ಒಂದು, ಇದರ ತಿರುಳು ಯಾವುದರದು. ಎರಡು, ಇದು ಪಿಸ್ತೂಲಿಗೆ ಹೋಗುತ್ತಾ.”

ಅಧ್ಯಕ್ಷರು ಗಡ್ಡ ಕೆರೆದುಕೊಂಡು, “ಅಂದರೆ ಹೆಸರಿಡೋದು ಒಂದಕ್ಕೆ, ಅಳೆಯೋದು ಇನ್ನೊಂದನ್ನ?” ಎಂದರು.

“ಹೌದು ಸ್ವಾಮಿ. ಹೆಸರಿಗೆ ಯಾರೂ ಮೋಸ ಹೋಗಬಾರದು, ಅಷ್ಟೇ.”

ಹೀಗೆ ನಿಯಮ ಹುಟ್ಟಿತು. ಪಿಸ್ತೂಲಿನಲ್ಲಿ ಬಳಸಲು ಬರುವ, ತಿರುಳು ಪೂರ್ತಿಯಾಗಿ ಉಕ್ಕು, ಕಬ್ಬಿಣ, ಹಿತ್ತಾಳೆ, ಕಂಚು, ಟಂಗ್‌ಸ್ಟನ್‌ನಂಥ ಗಡಸು ಲೋಹದಿಂದಾದ ಗುಂಡು ಕವಚಭೇದಿ. ಅದನ್ನು ತಯಾರಿಸುವುದು, ಮಾರುವುದು, ಇಟ್ಟುಕೊಳ್ಳುವುದು ಅಪರಾಧ. ರೈಫಲ್‌ಗೆ ಮಾತ್ರ ಹೋಗುವ ಗುಂಡು, ಎಷ್ಟೇ ಬಲಶಾಲಿಯಾಗಿದ್ದರೂ, ಅದರ ಹೊರಗೆ. ಅಂಗಡಿಗಳಿಂದ ಉಕ್ಕಿನ ತಿರುಳಿನ ಪಿಸ್ತೂಲು ಗುಂಡುಗಳು ಮಾಯವಾದವು. ನಿಯಮ ಜಾರಿಗೆ ಬಂದ ದಿನ ಅಕ್ಕ ತಂಗಿಯ ಮನೆಗೆ ಬಂದು, ಆಕೆಯ ಎರಡೂ ಕೈ ಹಿಡಿದು, “ಇನ್ನು ಯಾರ ಎದೆಗೂ ಗುಂಡು ತೂರಲ್ಲ ಕಣೇ” ಎಂದಳು. ಹಾಗಲ್ಲ ಅಕ್ಕ, ರೈಫಲ್ ಇದೆಯಲ್ಲ ಎಂದು ತಂಗಿ ಬಿಡಿಸಿ ಹೇಳಲು ಹೊರಟರು. ಅಕ್ಕ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಅಲ್ಲಿಂದ ಮುಂದಿನ ವರ್ಷಗಳು ದುಡಿಮೆಯ ವರ್ಷಗಳು. ವಿಭಾಗ ನೆಲಮಾಳಿಗೆ ಬಿಟ್ಟು ಮೇಲಿನ ಮಹಡಿಗೆ ಬಂತು. ಹೊಸ ಯಂತ್ರಗಳು ಬಂದವು. ಮೇಡಂ ಮುಖ್ಯ ಪರೀಕ್ಷಕಿಯಾದರು. ಕಿರಿಯರನ್ನು ಅವರು ಬೆಳೆಸಿದ ಬಗೆ ವಿಶಿಷ್ಟವಾದದ್ದು. ಮೊದಲ ಸಲ ಸಾಕ್ಷಿ ಹೇಳಲು ಹೋಗುವವರ ಜೊತೆ ತಾವೂ ನ್ಯಾಯಾಲಯಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ವಕೀಲರ ಪಾಟೀಸವಾಲಿಗೆ ಸಿಕ್ಕಿಬಿದ್ದು ತಿರುಗಿ ನೋಡಿದರೆ ಅವರು ಚೀಲದಿಂದ ಕಡಲೆಬೀಜ ತೆಗೆದು ನಿಶ್ಚಿಂತೆಯಿಂದ ಬಾಯಿಗೆ ಹಾಕಿಕೊಳ್ಳುತ್ತಿರುತ್ತಿದ್ದರು. ಅದನ್ನು ಕಂಡರೆ ಸಾಕು, ಹೋದ ಜೀವ ಬಂದಂತಾಗುತ್ತಿತ್ತು. ಮನೆಯಲ್ಲಿ ಅವರ ಯಜಮಾನರು, ಶಾಲೆಯ ಚಿತ್ರಕಲೆಯ ಮೇಷ್ಟ್ರು, ಅಡುಗೆಯನ್ನೂ ಮಗಳ ಪಾಠವನ್ನೂ ವಹಿಸಿಕೊಂಡು, “ನಮ್ಮ ಮನೇಲಿ ಗುಂಡಿಗೆ ಇರೋದು ಒಬ್ಬರಿಗೇ, ನನಗೆ ಬರೀ ಬ್ರಷ್ಷು” ಎಂದು ತಮಾಷೆ ಮಾಡುತ್ತಿದ್ದರು.

ಆಮೇಲೆ ಬಂದದ್ದು ಗಡಿಯಾರ ರಿಪೇರಿಯವರ ಪ್ರಕರಣ.

ಪೇಟೆಯ ಒಂದು ಓಣಿಯಲ್ಲಿ, ಎರಡು ದೊಡ್ಡ ಅಂಗಡಿಗಳ ನಡುವೆ ಸಿಕ್ಕಿಕೊಂಡಂತಿದ್ದ ಚಿಕ್ಕ ಅಂಗಡಿ ಅವರದು. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ದಿನವಿಡೀ ಗಡಿಯಾರದ ಹಲ್ಲುಗಳ ಜೊತೆ ಹೆಣಗುವ ಈ ಮನುಷ್ಯನಿಗೆ ಇದ್ದ ಒಂದೇ ಗೀಳು ಗುರಿ ಹೊಡೆಯುವುದು. ರಜೆಯ ದಿನ ಕ್ಲಬ್ಬಿನ ಮೈದಾನದಲ್ಲಿ ಕಾಗದದ ಗುರಿಗೆ ರೈಫಲ್ ಹಾರಿಸಿ ಸಂಜೆ ಮನೆಗೆ ಹೋಗುತ್ತಿದ್ದರು. ಪರವಾನಗಿ ಇತ್ತು. ಒಂದು ತಪಾಸಣೆಯಲ್ಲಿ ಇನ್‌ಸ್ಪೆಕ್ಟರ್ ಒಬ್ಬರು ಅವರ ಗುಂಡಿನ ಪೆಟ್ಟಿಗೆಗೆ ಅಯಸ್ಕಾಂತ ಹಿಡಿದು ನೋಡಿದರು. ಗುಂಡುಗಳು ಟಪಟಪನೆ ಅಂಟಿಕೊಂಡವು. ಸೀಸಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಹಾಗಾದರೆ ಒಳಗಿರುವುದು ಉಕ್ಕು. ಹಾಗಾದರೆ ಇದು ಕವಚಭೇದಿ. ಇನ್‌ಸ್ಪೆಕ್ಟರ್ ಕೆಟ್ಟವರಲ್ಲ. ತಮ್ಮ ಜೊತೆಯವರು ಸತ್ತದ್ದನ್ನು ಕಂಡವರು, ಆ ಸಿಟ್ಟು ಮರೆತಿರಲಿಲ್ಲ. ಗಡಿಯಾರದವರು ಜೈಲು ಸೇರಿದರು. ಜಾಮೀನು ಸಿಗಲಿಲ್ಲ. ಅಂಗಡಿಯ ಬಾಗಿಲು ಮುಚ್ಚಿತು; ರಿಪೇರಿಗೆ ಕೊಟ್ಟಿದ್ದವರು ಬಂದು ಬಾಗಿಲು ಬಡಿದು ಹೋಗುತ್ತಿದ್ದರು. ಅವರ ಮಗಳ ಮದುವೆಯ ಮಾತುಕತೆ ಮುರಿದುಬಿತ್ತು. ಪತ್ರಿಕೆಗಳು ‘ಪೊಲೀಸ್ ಹಂತಕ ಗುಂಡು’ ಎಂದು ದಪ್ಪಕ್ಷರದಲ್ಲಿ ಬರೆದವು. ಅಕ್ಕನ ಸಂಘದವರು ವಿಚಾರಣೆಯ ಪ್ರತಿದಿನವೂ ನ್ಯಾಯಾಲಯಕ್ಕೆ ಬಂದು, ಮುಂದಿನ ಸಾಲಿನಲ್ಲಿ, ತೀರಿಕೊಂಡ ಗಂಡಂದಿರ ಭಾವಚಿತ್ರ ಹಿಡಿದು ಕೂರುತ್ತಿದ್ದರು.

ಗುಂಡುಗಳು ಪರೀಕ್ಷೆಗೆ ಬಂದಾಗ ನಿರ್ದೇಶಕರು, “ಬೇರೆಯವರಿಗೆ ಕೊಡಲಾ?” ಎಂದು ಕೇಳಿದರು. ಮೇಡಂ, “ಬೇರೆಯವರಿಗೂ ಕೊಡಿ, ನನಗೂ ಕೊಡಿ. ಇಬ್ಬರದ್ದೂ ಮುಗಿಯೋ ತನಕ ಒಬ್ಬರದ್ದೊಬ್ಬರಿಗೆ ತೋರಿಸಬೇಡಿ” ಎಂದರು. ಗುಂಡನ್ನು ರಾಳದಲ್ಲಿ ಹುದುಗಿಸಿ, ಉದ್ದಕ್ಕೆ ಅರ್ಧ ಸೀಳಿ, ಕನ್ನಡಿಯಂತಾಗುವವರೆಗೆ ಉಜ್ಜಿದರು. ಒಳಗೆ ಬೂದುಬಣ್ಣದ ಮೆದು ಸೀಸ ತುಂಬಿಕೊಂಡಿತ್ತು. ಉಗುರಿನಿಂದ ಗೀರಿದರೆ ಗೆರೆ ಬೀಳುವಷ್ಟು ಮೆದು. ಉಕ್ಕು ಇದ್ದದ್ದು ಹೊದಿಕೆಯಲ್ಲಿ. ತಾಮ್ರ ತುಟ್ಟಿಯೆಂದು ತಯಾರಕರು ತೆಳು ಉಕ್ಕಿನ ತಗಡಿಗೆ ತಾಮ್ರದ ಲೇಪ ಕೊಟ್ಟು ಹೊದಿಸಿದ್ದರು. ಅಯಸ್ಕಾಂತ ಹಿಡಿದದ್ದು ಆ ಸಿಪ್ಪೆಯನ್ನು. ಸಾಲದ್ದಕ್ಕೆ ಆ ಗುಂಡು ಹೋಗುವಂಥ ಪಿಸ್ತೂಲು ಯಾವ ಅಂಗಡಿಯಲ್ಲೂ ಇರಲಿಲ್ಲ. ಇನ್ನೊಬ್ಬ ಪರೀಕ್ಷಕರ ಫಲಿತಾಂಶವೂ ಅದೇ ಆಗಿತ್ತು.

ಸಾಕ್ಷಿಯ ಹಿಂದಿನ ಸಂಜೆ ಅಕ್ಕ ಮನೆಗೆ ಬಂದಳು. ಅಡುಗೆಮನೆಯಲ್ಲಿ ತಂಗಿಯ ಜೊತೆ ತರಕಾರಿ ಹೆಚ್ಚುತ್ತಾ, “ನಾಳೆ ಏನು ಹೇಳ್ತೀಯ?” ಎಂದಳು.

“ಅದನ್ನ ಈಗ ಹೇಳೋ ಹಾಗಿಲ್ಲ ಅಕ್ಕ.”

“ನನಗೂ ಹೇಳೋ ಹಾಗಿಲ್ವಾ?”

“ನಿನಗಂತೂ ಹೇಳೋ ಹಾಗಿಲ್ಲ.”

ಅಕ್ಕ ಚಾಕು ಕೆಳಗಿಟ್ಟು ಎದ್ದಳು. ಮುಖ ನೋಡಿಯೇ ಆಕೆಗೆ ತಿಳಿದುಹೋಗಿತ್ತು. ಹೆತ್ತವಳಂತೆ ಸಾಕಿದವಳಿಗೆ ಮುಖ ಓದುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಮರುದಿನ ಮೇಡಂ ಕಟಕಟೆಯಲ್ಲಿ ನಿಂತು, ಮೊದಲು ತಮ್ಮ ಭಾವನ ವಿಚಾರ ಹೇಳಿ, ಆಮೇಲೆ ಗುಂಡಿನ ವಿಚಾರ ಹೇಳಿದರು. ಸರ್ಕಾರಿ ವಕೀಲರು ಬಿಡಲಿಲ್ಲ. “ಈ ಗುಂಡು ನಿಮ್ಮ ಭಾವ ತೊಟ್ಟಿದ್ದಂಥ ಜಾಕೆಟ್ ತೂರುತ್ತೋ ಇಲ್ಲವೋ?” ಎಂದರು. “ತೂರುತ್ತೆ” ಎಂದರು ಮೇಡಂ. “ರೈಫಲ್‌ನಿಂದ ಹಾರಿಸಿದ್ರೆ ಖಂಡಿತ ತೂರುತ್ತೆ. ಆದರೆ ನಿಯಮ ಕೇಳೋದು ಅದನ್ನಲ್ಲ. ತಿರುಳು ಗಡಸು ಲೋಹದ್ದಲ್ಲ, ಸೀಸದ್ದು; ಪಿಸ್ತೂಲಿಗೂ ಇದು ಹೋಗಲ್ಲ. ಇದು ಕವಚಭೇದಿ ಗುಂಡು ಅಲ್ಲ.”

ಗಡಿಯಾರದವರು ಬಿಡುಗಡೆಯಾದರು. ಹೊರಗಿನ ಮೊಗಸಾಲೆಯಲ್ಲಿ ಅವರು ಕೈ ಮುಗಿಯಲು ಬಂದರೆ ಮೇಡಂ, “ನಾನು ನಿಮ್ಮ ಪರ ಹೇಳಲಿಲ್ಲಪ್ಪ. ನನಗೆ ಕೈ ಮುಗಿಯಬೇಡಿ. ಅಂಗಡಿ ಬಾಗಿಲು ತೆಗೀರಿ” ಎಂದು ಬೇಗ ಬೇಗ ಮೆಟ್ಟಿಲಿಳಿದರು. ಕೆಳಗೆ ಅಕ್ಕ ನಿಂತಿದ್ದಳು. ಎದೆಗೆ ಗಂಡನ ಭಾವಚಿತ್ರ ಅವುಚಿಕೊಂಡಿದ್ದಳು. ತಂಗಿಯನ್ನು ನೋಡಿದಳು, ತಿರುಗಿ ಜನರ ನಡುವೆ ಹೊರಟುಹೋದಳು. ಬೈದಿದ್ದರೆ ಸಹಿಸಬಹುದಿತ್ತು. ಅಕ್ಕನ ಮನೆಯ ಬಾಗಿಲು ಆವತ್ತಿನಿಂದ ಮುಚ್ಚಿತು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ತಂಗಿಯ ಮಗಳು ಹೋದರೆ ಮಾತ್ರ ಊಟ ಹಾಕಿ, ತಲೆ ಸವರಿ, ಅಮ್ಮನ ಸುದ್ದಿ ಕೇಳದೆ ಕಳಿಸುತ್ತಿದ್ದಳು. ಆ ವರ್ಷಗಳಲ್ಲಿ ಮೇಡಂ ಪ್ರಯೋಗಾಲಯದಲ್ಲಿ ಒಂದು ದಿನವೂ ಕೆಲಸದಲ್ಲಿ ಕಡಿಮೆ ಮಾಡಲಿಲ್ಲ. ಆದರೆ ಊಟದ ಹೊತ್ತಿನಲ್ಲಿ ಮಾತು ನಿಂತುಹೋಯಿತು. ಡಬ್ಬಿ ಬಿಚ್ಚಿ, ಎರಡು ತುತ್ತು ತಿಂದು, ಮುಚ್ಚಿಡುತ್ತಿದ್ದರು.

ಸೋತ ಇನ್‌ಸ್ಪೆಕ್ಟರ್ ಮಾತ್ರ ಒಂದು ದಿನ ತಾವಾಗಿಯೇ ಪ್ರಯೋಗಾಲಯಕ್ಕೆ ಬಂದರು. ಜಗಳಕ್ಕೆ ಬಂದರೆಂದು ನಾವು ಸಿದ್ಧರಾದೆವು. ಅವರು ಕುರ್ಚಿ ಎಳೆದುಕೊಂಡು ಕೂತು, “ಮೇಡಂ, ಸಿಪ್ಪೆ ಯಾವುದು ತಿರುಳು ಯಾವುದು ಅಂತ ನಮ್ಮ ಹುಡುಗರಿಗೆ ಒಂದು ಪಾಠ ಮಾಡ್ತೀರಾ? ಇನ್ನೊಬ್ಬನ್ನ ಸುಮ್ಮಸುಮ್ಮನೆ ಒಳಗೆ ಹಾಕೋಕೆ ನನಗೆ ಇಷ್ಟ ಇಲ್ಲ” ಎಂದರು. ಅಲ್ಲಿಂದ ಶುರುವಾದ ಆ ಪಾಠಗಳು ಇಂದಿಗೂ ನಡೆಯುತ್ತಿವೆ.

ಕಾಲ ಹೀಗೆ ಹೋಗುತ್ತಿರಲು, ಅದೇ ನಿಯಮ ಒಮ್ಮೆ ಮಗ್ಗುಲು ಬದಲಿಸಿತು. ಉಕ್ಕಿನ ತಿರುಳಿನ ಒಂದು ಬಗೆಯ ರೈಫಲ್ ಗುಂಡು ಅಗ್ಗವಾಗಿ ಸಿಗುತ್ತಿದ್ದು, ಕ್ಲಬ್ಬಿನ ಗುರಿಕಾರರೆಲ್ಲ ಅದನ್ನೇ ಬಳಸುತ್ತಿದ್ದರು. ಅದು ಹೋಗುವ ಪಿಸ್ತೂಲು ಇಲ್ಲದ್ದರಿಂದ ನಿಯಮಕ್ಕೆ ಅದು ಸಿಕ್ಕಿರಲಿಲ್ಲ. ಈಗ ಒಂದು ಕಂಪನಿ, ಆ ರೈಫಲ್ ಗುಂಡನ್ನೇ ಹಾರಿಸಬಲ್ಲ ಮೋಟು ಪಿಸ್ತೂಲೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಗುಂಡಿನಲ್ಲಿ ಎಳ್ಳಷ್ಟೂ ಬದಲಾವಣೆ ಇಲ್ಲ. ಪಕ್ಕದಲ್ಲಿ ಹೊಸದೊಂದು ಆಯುಧ ಹುಟ್ಟಿದ್ದರಿಂದಲೇ ನಿನ್ನೆ ಸರಿಯಾಗಿದ್ದದ್ದು ಇಂದು ಕವಚಭೇದಿಯಾಗಬೇಕಾಯಿತು. ಮೇಡಂ ಹಾಗೆಂದೇ ಅಭಿಪ್ರಾಯ ಬರೆದರು. ಗುರಿಕಾರರು ರೊಚ್ಚಿಗೆದ್ದರು. ಹಿಂದೆ ಗಡಿಯಾರದವರ ಪ್ರಕರಣದಲ್ಲಿ ಪೊಲೀಸ್ ಸಂಘದವರು ‘ಕೊಲೆಗಾರರ ಪರ’ ಎಂದಿದ್ದರು, ಈಗ ಕ್ಲಬ್ಬಿನವರು ‘ಸರ್ಕಾರದ ಕೈಗೊಂಬೆ’ ಎಂದರು. ಅತ್ತ ದರಿ ಇತ್ತ ಪುಲಿ ಎಂಬಂಥ ಸ್ಥಿತಿ. ನಿರ್ಧಾರಕ್ಕೆ ಮುನ್ನ ಬಹಿರಂಗ ವಿಚಾರಣೆಯೊಂದು ಏರ್ಪಾಡಾಯಿತು.

ಸಭಾಂಗಣ ಕಿಕ್ಕಿರಿದಿತ್ತು. ಗುರಿಕಾರರು ಒಬ್ಬೊಬ್ಬರಾಗಿ ಎದ್ದು ಕೂಗಾಡಿದರು. ಆಗ ಗಡಿಯಾರದವರು ಎದ್ದು ನಿಂತರು. ಕೂದಲು ಪೂರ್ತಿ ನೆರೆತಿತ್ತು. “ನನ್ನ ಹತ್ರಾನೂ ಈ ಗುಂಡು ಇದೆ. ಇವತ್ತೇ ಒಪ್ಪಿಸಿಬಿಡ್ತೀನಿ” ಎಂದರು. “ಆವತ್ತು ಇವರು ಹೇಳಿದ್ದು ನನಗೆ ಅನುಕೂಲ ಆಯ್ತು. ಇವತ್ತು ಹೇಳಿದ್ದು ಅನಾನುಕೂಲ. ಅನುಕೂಲ ಆದಾಗ ಸತ್ಯ, ಆಗದಿದ್ದಾಗ ಸುಳ್ಳು ಅನ್ನೋಕೆ ನನಗೆ ಬಾಯಿ ಬರಲ್ಲ.” ಇಷ್ಟು ಹೇಳಿ ಕೂತುಬಿಟ್ಟರು. ಗದ್ದಲ ತಣ್ಣಗಾಯಿತು.

ಹಿಂದಿನ ಸಾಲಿನಿಂದ ಅಕ್ಕ ಎದ್ದಳು. ಆಕೆ ಬಂದಿರುವುದು ಮೇಡಂಗೆ ತಿಳಿದಿರಲಿಲ್ಲ. “ನಂದೊಂದು ಪ್ರಶ್ನೆ ಇದೆ” ಎಂದಳು, ಅಪರಿಚಿತರನ್ನು ಕೇಳುವಂತೆ. “ಉಕ್ಕಿಲ್ಲದ ಮಾಮೂಲಿ ರೈಫಲ್ ಗುಂಡು ಪೊಲೀಸರ ಜಾಕೆಟ್ ತೂರುತ್ತೆ ಅಂತ ನೀವೇ ಕೋರ್ಟಲ್ಲಿ ಹೇಳಿದ್ರಿ. ಹಾಗಾದ್ರೆ ಈ ನಿಯಮ ಇಟ್ಕೊಂಡು ನಾವೇನು ಮಾಡೋದು?”

ಮೇಡಂ ಅಧಿಕಾರಿಯ ಧ್ವನಿ ಬಿಟ್ಟು, ಮನೆಯಲ್ಲಿ ಮಾತಾಡುವಂತೆ ಹೇಳಿದರು: “ಅಕ್ಕ, ಈ ನಿಯಮ ಭಾವನನ್ನ ಕೊಂದಂಥ ಗುಂಡನ್ನ ಅಂಗಡಿಯಿಂದ ತೆಗೀತು. ಅಷ್ಟೇ ಅದರ ಕೈಲಾಗೋದು. ರೈಫಲ್ ಗುಂಡನ್ನ ಕಾಗದದ ಮೇಲಿನ ಮಾತಿನಿಂದ ತಡೆಯೋಕಾಗಲ್ಲ. ಅದಕ್ಕೆ ಎದೆ ಮೇಲೆ ಗಟ್ಟಿ ಪಿಂಗಾಣಿ ಫಲಕ ಇರೋ ಜಾಕೆಟ್ಟೇ ಬೇಕು. ಅಂಥಾದ್ದು ಇದೆ. ನಮ್ಮ ಗಸ್ತಿನವರಿಗೆ ಯಾರೂ ಕೊಟ್ಟಿಲ್ಲ. ನೀನು ಕೇಳೋದಾದ್ರೆ ಅದನ್ನ ಕೇಳು.”

ಅಕ್ಕ ನಿಂತೇ ಇದ್ದಳು. “ಇದನ್ನ ಮೊದಲೇ ಯಾಕೆ ಹೇಳಲಿಲ್ಲ?”

“ನೀನು ಫೋನ್ ಎತ್ತಲಿಲ್ಲ.”

ಸಭೆಯಲ್ಲಿ ಯಾರೋ ನಕ್ಕರು. ಅಕ್ಕ ನಗಲಿಲ್ಲ. ಆದರೆ ಆ ಸಂಜೆ ಮೇಡಂ ಮನೆಯಲ್ಲಿ ಫೋನ್ ರಿಂಗಾಯಿತು. ಆ ಕಡೆಯಿಂದ, “ಆ ಫಲಕ ಎಷ್ಟು ಭಾರ ಇರುತ್ತೆ? ದಿನಾ ಹೊತ್ಕೊಂಡು ಓಡಾಡೋಕೆ ಆಗುತ್ತಾ?” ಎಂಬ ಪ್ರಶ್ನೆ ಬಂತು.

ಅಕ್ಕ ಮತ್ತೆ ಜಗಲಿಗಳಲ್ಲಿ ಕೂತಳು. ತಂಗಿ ಪ್ರಯೋಗಾಲಯದಲ್ಲಿ ತಯಾರಕರ ಫಲಕಗಳನ್ನು ಒಂದೊಂದಾಗಿ ಹೊಡೆದು ನೋಡಿ, ಬಿರುಕು ಬಿಟ್ಟವನ್ನು ನಿರ್ದಾಕ್ಷಿಣ್ಯವಾಗಿ ತಿರಸ್ಕರಿಸಿದರು. ಒಬ್ಬ ತಯಾರಕ ಅಕ್ಕನ ಮೂಲಕವೇ ಶಿಫಾರಸು ಮಾಡಿಸಲು ನೋಡಿದನಂತೆ. “ನನ್ನ ತಂಗಿ ನನ್ನ ಮಾತನ್ನೇ ಕೇಳಲ್ಲ, ನಿನ್ನ ಮಾತು ಕೇಳ್ತಾಳಾ?” ಎಂದು ಆಕೆ ಅವನನ್ನು ಬಾಗಿಲಿಂದಲೇ ಕಳಿಸಿದಳು. ಅದನ್ನು ಹೇಳಿಕೊಳ್ಳುವಾಗ ಮೇಡಂ ಮುಖದಲ್ಲಿ ಇದ್ದ ಹೆಮ್ಮೆಯನ್ನು ನಾವು ಕಂಡಿದ್ದೇವೆ. ಕೊನೆಗೆ ಗಸ್ತಿನ ಪ್ರತಿಯೊಬ್ಬರಿಗೂ ಫಲಕದ ಜಾಕೆಟ್ ಬಂತು. ಭಾರ ಎಂದು ಗೊಣಗದವರಿಲ್ಲ.

ಹೋದ ವರ್ಷ, ಮನೆಯೊಂದರಲ್ಲಿ ಜಗಳ ಎಂದು ದೂರು ಬಂದು ಹೋಗಿದ್ದ ಯುವ ಮಹಿಳಾ ಪೇದೆಯೊಬ್ಬರಿಗೆ ಬೇಟೆಯ ರೈಫಲ್‌ನಿಂದ ಎದೆಗೆ ಗುಂಡು ಬಿತ್ತು. ಫಲಕ ಬಿರಿಯಿತು, ಒಳಗೆ ಹೋಗಗೊಡಲಿಲ್ಲ. ಪಕ್ಕೆಲುಬು ಮುರಿದು, ಎದೆಯೆಲ್ಲ ಕಪ್ಪುಗಟ್ಟಿ, ಆಕೆ ಬದುಕಿಕೊಂಡರು. ಸುದ್ದಿ ತಿಳಿದು ಅಕ್ಕತಂಗಿಯರಿಬ್ಬರೂ ಆಸ್ಪತ್ರೆಗೆ ಹೋದರು. ಆ ಹುಡುಗಿಯ ತಾಯಿ ಮಂಚದ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದರು. ಬಂದವರು ಯಾರೆಂದು ತಿಳಿದ ಮೇಲೆ ಹುಡುಗಿ ಕಷ್ಟಪಟ್ಟು ಉಸಿರೆಳೆದುಕೊಂಡು ಕೇಳಿದಳು: “ಮೇಡಂ, ನನಗೆ ಬಿದ್ದಿದ್ದು ಕವಚಭೇದಿ ಗುಂಡಾ?”

“ಅಲ್ಲಮ್ಮ. ಸೀಸದ್ದು. ಮಾಮೂಲಿ ಬೇಟೆ ಗುಂಡು.”

“ಮಾಮೂಲೀನಾ?” ಎಂದಳು ಹುಡುಗಿ, ಮುಖ ಚಿಕ್ಕದು ಮಾಡಿಕೊಂಡು. “ಇಷ್ಟು ನೋವಾದದ್ದಕ್ಕೆ ಅದಾದ್ರೂ ಆಗಿರಬಾರದಿತ್ತಾ!”

ಅಕ್ಕ ಮೊದಲು ಫಕ್ಕನೆ ನಕ್ಕಳು. ನಗುತ್ತಾ ನಗುತ್ತಾ ಹಾಗೇ ಅತ್ತಳು. ಗಂಡ ಹೋದಾಗಿನಿಂದ ಜನರೆದುರು ಒಂದು ಹನಿ ಉದುರಿಸದವಳು, ಪರಿಚಯವಿಲ್ಲದ ಹುಡುಗಿಯ ಮಂಚದ ಕಂಬಿ ಹಿಡಿದು ಬಿಕ್ಕಿಬಿಕ್ಕಿ ಅತ್ತಳು. ಹುಡುಗಿಯ ತಾಯಿ ಎದ್ದು, ಕಾರಣ ಕೇಳದೆ, ಆಕೆಯನ್ನು ತಬ್ಬಿಕೊಂಡರು.

ಇಂಥ ನಮ್ಮ ತಿರುಳು ಮೇಡಂ ನಾಳೆಯಿಂದ ಪ್ರಯೋಗಾಲಯದ ಮೆಟ್ಟಿಲು ಹತ್ತುವುದಿಲ್ಲ. ಹಾಗೆಂದು ಅವರು ಸುಮ್ಮನೆ ಕೂರುವವರೂ ಅಲ್ಲ. ಪೊಲೀಸ್ ತರಬೇತಿ ಶಾಲೆಯ ಪಾಠಗಳನ್ನು ಮುಂದುವರಿಸಲು ಒಪ್ಪಿದ್ದಾರೆ. ಕಿರಿಯ ನ್ಯಾಯಾಧೀಶರಿಗೂ ಈ ವಿಷಯ ತಿಳಿಸಿಕೊಡಬೇಕೆಂಬ ಕರೆ ಬಂದಿದೆ. ಅವರ ಕಣ್ಣು ಮಬ್ಬಾಗದಿರಲಿ, ಮಂಡಿ ಅವರನ್ನು ಕಾಡದಿರಲಿ. ಅವರ ಯಜಮಾನರ ಬ್ರಷ್ಷಿಗೆ ಇನ್ನಾದರೂ ಅವರು ಕೂತು ಮುಖ ಕೊಡುವಷ್ಟು ಬಿಡುವು ಸಿಗಲಿ. ಅಕ್ಕತಂಗಿಯರು ಒಂದೇ ಸೂರಿನಡಿ, ಒಬ್ಬರ ಅಡುಗೆಗೆ ಇನ್ನೊಬ್ಬರು ಕೊಂಕು ತೆಗೆಯುತ್ತಾ, ಮುಪ್ಪು ನಾಚುವಷ್ಟು ಕಾಲ ಬಾಳಲಿ. ಅವರಿಂದ ಪಾಠ ಕೇಳಿ ಗಸ್ತಿಗೆ ಹೊರಟ ಹುಡುಗ ಹುಡುಗಿಯರೆಲ್ಲ ಸಂಜೆ ಮನೆಗೆ ತಿರುಗಿ ಬರಲಿ.